ಡಿಸ್ನಿಗೆ ಅಪ್ಪ-ಅಮ್ಮನನ್ನು ಕರೆದೊಯ್ಯುವಾಗ: ಪಾರ್ಕಿನ ಸ್ಕೂಟರ್, ಹೊರಗಿನ ಬಾಡಿಗೆ, ವೀಲ್‌ಚೇರ್, ಸ್ವಂತದ್ದು – ಯಾರಿಗೆ ಯಾವುದು?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಊರಿನಿಂದ ಅಪ್ಪ-ಅಮ್ಮ ಬರುತ್ತಾರೆಂದರೆ ಪ್ರವಾಸದ ಪಟ್ಟಿಯಲ್ಲಿ ಡಿಸ್ನಿ ವರ್ಲ್ಡ್, ಯೂನಿವರ್ಸಲ್‌ನಂಥ ಮನರಂಜನಾ ಪಾರ್ಕುಗಳಿರುವ ಫ್ಲಾರಿಡಾದ ಒರ್ಲಾಂಡೊ ಬಂದೇ ಬರುತ್ತದೆ. ಟಿಕೆಟ್ ಕೊಳ್ಳುವ ಹೊತ್ತಿಗೆ ಚಿಂತೆಯೂ ಶುರುವಾಗುತ್ತದೆ. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಸ್ವಲ್ಪ ದೂರ ನಡೆದರೆ ಏದುಸಿರು. ದಿನಕ್ಕೆ ಎಂಟು-ಹತ್ತು ಕಿಲೋಮೀಟರ್ ನಡೆಸುವ ಜಾಗಕ್ಕೆ ಇವರನ್ನು ಹೇಗೆ ಕರೆದೊಯ್ಯುವುದು? ಪಾರ್ಕಿನ ಬಾಗಿಲಲ್ಲೇ ಮೊಬಿಲಿಟಿ ಸ್ಕೂಟರ್, ಅಂದರೆ ನಡೆಯಲು ಕಷ್ಟವಿರುವವರು ಕೂತು ಓಡಿಸುವ ಬ್ಯಾಟರಿ ಗಾಡಿ, ಸಿಗುತ್ತದಂತೆ, ಅದು ಸಾಕೇ? ಹೊರಗಿನ ಕಂಪನಿಯಿಂದ ತರಿಸಬೇಕೇ? ತಳ್ಳುವ ವೀಲ್‌ಚೇರ್ ಒಂದಿದ್ದರೆ ಆಗದೇ? ಮಡಚುವ ಸ್ಕೂಟರನ್ನು ಕೊಂಡೇ ಬಿಡುವುದು ಲಾಭವೇ? ಹೀಗೆ ಕೇಳುವವರೆಲ್ಲರೂ ಬಾಡಿಗೆಯ ಲೆಕ್ಕದಿಂದ ಆರಂಭಿಸುತ್ತಾರೆ. ಆ ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕಿಂತ ಮುಂಚೆ ಉತ್ತರ ಸಿಗಬೇಕಾದ ಪ್ರಶ್ನೆಗಳು ಬೇರೆ ಇವೆ.

ಮೊದಲು ಕೇಳಿಕೊಳ್ಳಬೇಕಾದದ್ದು

ನಡಿಗೆ ಎಲ್ಲಿಂದ ಶುರುವಾಗುತ್ತದೆ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಪಾರ್ಕಿನಲ್ಲಿ ಕೊಡುವ ಸ್ಕೂಟರ್ ಪಾರ್ಕಿನ ಬಾಗಿಲಿನಿಂದ ಒಳಗೆ ಮಾತ್ರ. ಆದರೆ ಹೋಟೆಲಿನ ಕೋಣೆಯಿಂದ ಬಸ್ ನಿಲ್ದಾಣ, ಕಾರು ನಿಲ್ಲಿಸಿದ ಜಾಗದಿಂದ ತಪಾಸಣೆಯ ಸಾಲು, ಅಲ್ಲಿಂದ ಬಾಗಿಲು, ಇವೆಲ್ಲ ನಡಿಗೆಯೇ. ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಕಾರಿನಲ್ಲಿ ಹೋದರೆ ಕಾರು ನಿಲ್ಲುವುದು ಸರೋವರದ ಈಚೆ ದಡದಲ್ಲಿ. ಅಲ್ಲಿಂದ ಮಾನೊರೈಲು ಇಲ್ಲವೇ ದೋಣಿ ಹತ್ತಿ ಪಾರ್ಕನ್ನು ಸೇರಬೇಕು. ಯೂನಿವರ್ಸಲ್‌ನ ಹಳೆಯ ಎರಡು ಪಾರ್ಕುಗಳಿಗೆ ಬಹುಮಹಡಿ ಪಾರ್ಕಿಂಗ್‌ನಿಂದ ಚಲಿಸುವ ನಡೆಹಾದಿಗಳನ್ನು ದಾಟಿ, ಅಂಗಡಿ-ಹೋಟೆಲುಗಳ ಬೀದಿಯನ್ನು ಹಾದು ಹೋಗಬೇಕು. ಬೆಳಿಗ್ಗೆ ಇದು ಕಷ್ಟವೆನಿಸುವುದಿಲ್ಲ. ರಾತ್ರಿ ಪಟಾಕಿ ಪ್ರದರ್ಶನ ಮುಗಿದ ಮೇಲೆ, ಸ್ಕೂಟರನ್ನು ಬಾಗಿಲಲ್ಲೇ ಹಿಂತಿರುಗಿಸಿ, ಜನಸಾಗರದ ನಡುವೆ ಅಮ್ಮನ ಕೈ ಹಿಡಿದು ಬಸ್ಸಿನವರೆಗೆ ನಡೆಸುವಾಗ ಇದರ ನಿಜವಾದ ಉದ್ದ ತಿಳಿಯುತ್ತದೆ.

ಎರಡನೆಯದು, ಅವರು ತಾವೇ ಓಡಿಸಬಲ್ಲರೇ? ಸ್ಕೂಟರ್ ಎಂಬ ಹೆಸರಿಗೆ ಹೆದರಬೇಕಿಲ್ಲ. ಇದಕ್ಕೆ ಗೇರಿಲ್ಲ, ಸಮತೋಲನದ ಚಿಂತೆಯಿಲ್ಲ. ಹಿಡಿಯ ಬಳಿಯ ಲಿವರನ್ನು ಬೆರಳಿನಿಂದ ಒತ್ತಿದರೆ ಮುಂದೆ ಹೋಗುತ್ತದೆ, ಬೆರಳು ತೆಗೆದರೆ ತಾನೇ ನಿಲ್ಲುತ್ತದೆ. ವೇಗ ಗಂಟೆಗೆ ಆರೇಳು ಕಿಲೋಮೀಟರಿನ ಆಸುಪಾಸು, ಅದನ್ನೂ ತಿರುಗಣೆಯಿಂದ ತಗ್ಗಿಸಿಡಬಹುದು. ಜೀವನದಲ್ಲಿ ಸೈಕಲ್ಲನ್ನೂ ತುಳಿಯದ ಹೆಂಗಸರು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಆದರೆ ದೃಷ್ಟಿ ಮಂದವಾಗಿದ್ದರೆ, ಮರೆವಿನ ಕಾಯಿಲೆ ಶುರುವಾಗಿದ್ದರೆ, ಕೈ ನಡುಗುತ್ತಿದ್ದರೆ, ಮಾತ್ರೆಯಿಂದ ತಲೆ ಸುತ್ತುವುದಿದ್ದರೆ ಸ್ಕೂಟರ್ ಬೇಡ. ಮುಂದೆ ದಿಢೀರನೆ ಅಡ್ಡ ಬರುವುದು ಪುಟ್ಟ ಮಕ್ಕಳು. ಇದರಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ.

ಮೂರನೆಯದು, ಎದ್ದು ನಾಲ್ಕು ಹೆಜ್ಜೆ ನಡೆದು ಬೇರೆ ಆಸನಕ್ಕೆ ಬದಲಾಯಿಸಿಕೊಳ್ಳಬಲ್ಲರೇ? ಪಾರ್ಕಿನೊಳಗಿನ ಸವಾರಿಗಳ (ರೈಡ್‌ಗಳ) ಹತ್ತಿರ ಇದು ನಿರ್ಣಾಯಕವಾಗುತ್ತದೆ. ನಾಲ್ಕನೆಯದು, ಜೊತೆಯಲ್ಲಿ ಯಾರಿದ್ದಾರೆ? ಮಗ ಮಗುವಿನ ಗಾಡಿ ತಳ್ಳಬೇಕು, ಸೊಸೆ ಇನ್ನೊಂದು ಮಗುವನ್ನು ಹಿಡಿಯಬೇಕು ಎಂದರೆ ವೀಲ್‌ಚೇರ್ ತಳ್ಳಲು ಮಿಕ್ಕ ಕೈ ಎಲ್ಲಿದೆ? ಕೊನೆಗೆ ಎಷ್ಟು ದಿನ, ಎಷ್ಟು ಪಾರ್ಕು, ಎಷ್ಟು ಹಣ.

ಪಾರ್ಕಿನ ಬಾಗಿಲಲ್ಲಿ ಸಿಗುವ ಸ್ಕೂಟರ್

ಡಿಸ್ನಿ ವರ್ಲ್ಡ್‌ನ ನಾಲ್ಕೂ ಪಾರ್ಕುಗಳಲ್ಲಿ (ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್) ಬಾಡಿಗೆ ಸ್ಕೂಟರ್ ಇದೆ. ದಿನಕ್ಕೆ 50 ಡಾಲರಿಗೆ ಕಡಿಮೆಯಿಲ್ಲ ಎಂದಿಟ್ಟುಕೊಳ್ಳಿ. ದರ ಬದಲಾಗುತ್ತಿರುತ್ತದೆ, ಹೋಗುವ ವಾರ ಅವರ ಜಾಲತಾಣ ನೋಡಿ. ಓಡಿಸುವವರಿಗೆ 18 ತುಂಬಿರಬೇಕು, ಅದು ನಮ್ಮ ಹಿರಿಯರಿಗೆ ಸಮಸ್ಯೆಯಲ್ಲ. ಸಮಸ್ಯೆ ಇರುವುದು ಮುಂಗಡ ಕಾಯ್ದಿರಿಸುವಿಕೆ ಇಲ್ಲದಿರುವುದರಲ್ಲಿ. ಮೊದಲು ಬಂದವರಿಗೆ ಮೊದಲು. ಡಿಸೆಂಬರ್ ಕೊನೆಯ ವಾರದಲ್ಲೋ ವಸಂತದ ರಜೆಯಲ್ಲೋ ಹನ್ನೊಂದು ಗಂಟೆಗೆ ನಿಧಾನವಾಗಿ ಹೋದರೆ ಒಂದೂ ಉಳಿದಿರದೇ ಇರಬಹುದು. ನಮ್ಮ ಕುಟುಂಬಗಳು ತಿಂಡಿ ಮುಗಿಸಿ ಹೊರಡುವ ಹೊತ್ತೂ ಬಹುಪಾಲು ಅದೇ.

ಒಂದು ಪಾರ್ಕಿನ ಸ್ಕೂಟರನ್ನು ಇನ್ನೊಂದು ಪಾರ್ಕಿಗೆ ಒಯ್ಯುವಂತಿಲ್ಲ. ಅದೇ ದಿನ ಇನ್ನೊಂದಕ್ಕೆ ಹೋದರೆ ರಸೀದಿ ತೋರಿಸಿ ಅಲ್ಲಿ ಬೇರೊಂದನ್ನು ಪಡೆಯಬಹುದು, ಅದೂ ಇದ್ದರೆ ಮಾತ್ರ. ಹಾಗಾಗಿ ರಸೀದಿ ಜೋಪಾನ.

ಒಳ್ಳೆಯ ಅಂಶಗಳೂ ಇವೆ. ಗಾಡಿ ದೊಡ್ಡದು, ಗಟ್ಟಿಮುಟ್ಟು, ಆಸನ ಅಗಲ, ಮುಂದೆ ದೊಡ್ಡ ಬುಟ್ಟಿ. ಕೆಟ್ಟರೆ ಬದಲಿಸಿಕೊಡುವವರು ಅಲ್ಲೇ ಇರುತ್ತಾರೆ. ಚಾರ್ಜ್ ಮಾಡುವ, ಕಾರಿಗೆ ಎತ್ತಿ ಹಾಕುವ, ಕೋಣೆಯಲ್ಲಿ ಜಾಗ ಹುಡುಕುವ ಕೆಲಸವಿಲ್ಲ. ಒಂದೇ ದಿನದ ಭೇಟಿಯಾಗಿದ್ದು, ಬಾಗಿಲಿನವರೆಗೆ ಹೇಗೋ ನಡೆಯಬಲ್ಲವರಾಗಿದ್ದು, ಬೆಳಿಗ್ಗೆ ಪಾರ್ಕು ತೆರೆಯುವ ಮುಂಚೆಯೇ ತಲುಪುವ ಶಿಸ್ತು ಮನೆಯಲ್ಲಿದ್ದರೆ ಇದು ಸಾಕು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ಗೆ ಹೋಗುವವರಿಗಂತೂ ಈ ಆಯ್ಕೆ ಹೆಚ್ಚು ಒಪ್ಪುತ್ತದೆ. ಅಲ್ಲಿ ಎರಡು ಪಾರ್ಕುಗಳ ಬಾಗಿಲು ಎದುರುಬದುರು, ಜಾಗವೂ ಒರ್ಲಾಂಡೊಗಿಂತ ಬಹಳ ಚಿಕ್ಕದು.

ಹೊರಗಿನ ಕಂಪನಿಯಿಂದ ವಾರದ ಬಾಡಿಗೆ

ಒರ್ಲಾಂಡೊದಲ್ಲಿ ಇದೊಂದು ದೊಡ್ಡ ವ್ಯಾಪಾರ. ಮುಂಗಡವಾಗಿ ಕಾಯ್ದಿರಿಸಿದರೆ ಹೋಟೆಲಿಗೋ ಬಾಡಿಗೆ ಮನೆಗೋ ಸ್ಕೂಟರ್ ತಂದುಕೊಡುತ್ತಾರೆ, ಹೊರಡುವ ದಿನ ಒಯ್ಯುತ್ತಾರೆ. ವಾರದ ಬಾಡಿಗೆ ಹೆಚ್ಚುಕಡಿಮೆ ಪಾರ್ಕಿನೊಳಗಿನ ಮೂರು-ನಾಲ್ಕು ದಿನಗಳ ಬಾಡಿಗೆಗೆ ಸಮ. ಅಂದರೆ ಮೂರು ದಿನಕ್ಕಿಂತ ಹೆಚ್ಚು ಪಾರ್ಕಿಗೆ ಹೋಗುವವರಿಗೆ ಹಣದ ಲೆಕ್ಕದಲ್ಲೂ ಇದೇ ಮೇಲು. ಹಣಕ್ಕಿಂತ ದೊಡ್ಡ ಲಾಭವೆಂದರೆ ಕೋಣೆಯ ಬಾಗಿಲಿನಿಂದ ಮತ್ತೆ ಕೋಣೆಯ ಬಾಗಿಲಿನವರೆಗೆ ಅಮ್ಮನ ಕಾಲಿಗೆ ರಜೆ. ಹೋಟೆಲಿನ ಉದ್ದದ ಪಡಸಾಲೆ, ಊಟದ ಜಾಗ, ಸಂಜೆ ಅಂಗಡಿ ಬೀದಿ, ಎಲ್ಲಕ್ಕೂ ಒಂದೇ ಗಾಡಿ. ಹೆಚ್ಚಿನ ಕುಟುಂಬಗಳಿಗೆ ನಾನು ಹೇಳುವುದು ಇದನ್ನೇ.

ಆದರೆ ಕಾಯ್ದಿರಿಸುವ ಮುಂಚೆ ಮೂರು ವಿಷಯ ಖಚಿತಪಡಿಸಿಕೊಳ್ಳಿ. ಮೊದಲನೆಯದು ಗಾತ್ರ. ಡಿಸ್ನಿ ಪಾರ್ಕುಗಳ ಒಳಗೆ ಅಗಲ 36 ಅಂಗುಲ, ಉದ್ದ 52 ಅಂಗುಲ ಮೀರಬಾರದು; ಗಾಡಿಗೆ ಕನಿಷ್ಠ ಮೂರು ಚಕ್ರಗಳಿರಬೇಕು. ಬಸ್ಸಿನಲ್ಲಿ ಹೋಗುವುದಾದರೆ ಇನ್ನೂ ಚಿಕ್ಕದಿದ್ದರೆ ಕ್ಷೇಮ. ಎರಡನೆಯದು ಒಂದು ಚಾರ್ಜಿನಲ್ಲಿ ಓಡುವ ದೂರ. ಹಗುರವಾದ ಪ್ರಯಾಣದ ಮಾದರಿಗಳಲ್ಲಿ ಬ್ಯಾಟರಿ ಚಿಕ್ಕದಿರುತ್ತದೆ. ಕಂಪನಿ ಹೇಳುವ ದೂರ ಸಮತಟ್ಟಾದ ನೆಲದಲ್ಲಿ, ಹಗುರ ಮನುಷ್ಯನಿಗೆ. ಬಿಸಿಲು, ಏರು, ಬುಟ್ಟಿಯಲ್ಲಿ ನೀರಿನ ಬಾಟಲಿ, ಮಕ್ಕಳ ಬಟ್ಟೆ ಎಲ್ಲ ಸೇರಿದಾಗ ಅದು ಇಳಿಯುತ್ತದೆ. ದೊಡ್ಡ ಬ್ಯಾಟರಿಗೆ ಸ್ವಲ್ಪ ಹೆಚ್ಚು ಕೊಡಿ, ಪ್ರತಿ ರಾತ್ರಿ ಮರೆಯದೆ ಚಾರ್ಜಿಗೆ ಹಾಕಿ. ಮೂರನೆಯದು, ಕಾರಿನಲ್ಲಿ ಒಯ್ಯುವುದಾದರೆ ಗಾಡಿಯನ್ನು ಬಿಚ್ಚಬಹುದೇ, ಬಿಚ್ಚಿದಾಗ ಅತಿ ಭಾರದ ತುಂಡು ಎಷ್ಟು ಕಿಲೋ? ಆಸನ, ಬ್ಯಾಟರಿ, ಮುಂಭಾಗ, ಹಿಂಭಾಗ ಎಂದು ನಾಲ್ಕೈದು ತುಂಡಾಗುವ ಮಾದರಿಗಳಿವೆ. ಆ ತುಂಡನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಇಳಿಸುವವರು ಯಾರು, ಅವರ ಸೊಂಟ ಹೇಗಿದೆ ಎಂಬುದನ್ನೂ ಯೋಚಿಸಬೇಕು.

ನಮ್ಮವರಲ್ಲಿ ಅನೇಕರು ಹೋಟೆಲಿಗಿಂತ ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ಬಯಸುತ್ತಾರೆ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ-ಸಾರು ಇದ್ದರೆ ಹಿರಿಯರಿಗೆ ಅರ್ಧ ಆಯಾಸ ಕಡಿಮೆ. ಹಾಗಿದ್ದರೆ ಮನೆಯ ಬಾಗಿಲಿಗೆ ಮೆಟ್ಟಿಲುಗಳಿವೆಯೇ, ಗ್ಯಾರೇಜಿನಲ್ಲಿ ಚಾರ್ಜಿಂಗ್‌ಗೆ ಪ್ಲಗ್ ಇದೆಯೇ ಎಂದು ಕೇಳಿ. ಪಾರ್ಕಿಗೆ ಕಾರೇ ಗತಿಯಾದ್ದರಿಂದ ಬಿಚ್ಚುವ ಮಾದರಿಯೇ ಬೇಕಾಗುತ್ತದೆ.

ಡಿಸ್ನಿಯ ಹೋಟೆಲಿನಲ್ಲಿ ಉಳಿದರೆ ಬಸ್ಸುಗಳಿಗೆ ಇಳಿಜಾರು ಹಲಗೆ ಇದೆ. ಗಾಡಿಯ ಜಾಗ ಸಾಮಾನ್ಯವಾಗಿ ಎರಡೇ. ಅವು ತುಂಬಿದ್ದರೆ ಮುಂದಿನ ಬಸ್ಸಿಗೆ ಕಾಯಬೇಕು. 2019ರಲ್ಲಿ ಶುರುವಾದ ಸ್ಕೈಲೈನರ್ ಎಂಬ ತೂಗುಬಂಡಿಗಳ ಸೇವೆ ಎಪ್‌ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ಪಾರ್ಕುಗಳನ್ನು ಕೆಲವು ಹೋಟೆಲುಗಳಿಗೆ ಜೋಡಿಸುತ್ತದೆ. ಅಲ್ಲಿ ಗಾಡಿಯವರಿಗೆ ತೂಗುಬಂಡಿಯನ್ನು ನಿಲ್ಲಿಸಿಯೇ ಹತ್ತಿಸುವ ವ್ಯವಸ್ಥೆ ಇದೆ. ಹೊಸದಾಗಿ ಕಲಿತವರಿಗೆ ಬಸ್ಸಿನ ಇಕ್ಕಟ್ಟಿಗಿಂತ ಅದು ನಿರಾಳ. ಹೋಟೆಲ್ ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೂರು ಚಕ್ರವೋ ನಾಲ್ಕು ಚಕ್ರವೋ ಎಂದು ಕಂಪನಿಯವರು ಕೇಳುತ್ತಾರೆ. ಮೂರು ಚಕ್ರದ್ದು ಇಕ್ಕಟ್ಟಿನಲ್ಲಿ ಸುಲಭವಾಗಿ ತಿರುಗುತ್ತದೆ. ನಾಲ್ಕು ಚಕ್ರದ್ದು ಇಳಿಜಾರಿನಲ್ಲಿ, ತಿರುವಿನಲ್ಲಿ ಸ್ಥಿರ. ಮೊದಲ ಸಲ ಓಡಿಸುವ ಹಿರಿಯರಿಗೆ ನಾಲ್ಕು ಚಕ್ರ.

ತಳ್ಳುವ ವೀಲ್‌ಚೇರ್

ಇದು ಎಲ್ಲಕ್ಕಿಂತ ಅಗ್ಗ. ಪಾರ್ಕಿನ ಬಾಡಿಗೆ ಸ್ಕೂಟರಿನ ಕಾಲು ಭಾಗದಷ್ಟು, ಒಟ್ಟಿಗೆ ಹಲವು ದಿನಗಳಿಗೆ ಕಟ್ಟಿದರೆ ಇನ್ನೂ ಕಡಿಮೆ. ಅಂಗಡಿಯಲ್ಲಿ ಹೊಸದನ್ನೇ ನೂರು-ಇನ್ನೂರು ಡಾಲರಿಗೆ ಕೊಳ್ಳಬಹುದು. ಮಡಚಿ ಯಾವ ಕಾರಿನಲ್ಲಾದರೂ ಇಡಬಹುದು. ಬೆಂಗಳೂರಿನಿಂದ ಬರುವಾಗ ವಿಮಾನ ನಿಲ್ದಾಣದ ವೀಲ್‌ಚೇರ್ ಸೇವೆಯನ್ನು ಬಳಸಿದ ಹಿರಿಯರಿಗೆ ಇದರಲ್ಲಿ ಕೂರುವ ಸಂಕೋಚವೂ ಅಷ್ಟಾಗಿ ಇರುವುದಿಲ್ಲ.

ಸವಾರಿಗಳ ವಿಷಯದಲ್ಲಂತೂ ವೀಲ್‌ಚೇರಿಗೆ ಸ್ಕೂಟರಿಗಿಂತ ಹೆಚ್ಚು ಬಾಗಿಲು ತೆರೆದಿವೆ. ಡಿಸ್ನಿ ತನ್ನ ಸವಾರಿಗಳನ್ನು ಈ ದೃಷ್ಟಿಯಿಂದ ವಿಂಗಡಿಸಿಟ್ಟಿದೆ. ಕ್ಯಾರೌಸೆಲ್ ಆಫ್ ಪ್ರೋಗ್ರೆಸ್‌ನಂಥ ಪ್ರದರ್ಶನಗಳಲ್ಲಿ ಸ್ಕೂಟರಿನಲ್ಲೇ ಕೂತಿರಬಹುದು. ಇಟ್ಸ್ ಎ ಸ್ಮಾಲ್ ವರ್ಲ್ಡ್ ದೋಣಿಯಲ್ಲಿ, ಅನಿಮಲ್ ಕಿಂಗ್‌ಡಮ್‌ನ ಸಫಾರಿ ಬಂಡಿಯಲ್ಲಿ ವೀಲ್‌ಚೇರ್ ಸಮೇತ ಹೋಗಲು ಏರ್ಪಾಡಿದೆ, ಆದರೆ ಸ್ಕೂಟರ್ ಒಳಗೆ ಬರುವಂತಿಲ್ಲ. ಹಾಂಟೆಡ್ ಮ್ಯಾನ್ಶನ್‌ನಂಥವುಗಳಲ್ಲಿ ಯಾವ ಗಾಡಿಯಾದರೂ ಇಳಿದು ಸವಾರಿಯ ಆಸನಕ್ಕೆ ತಾವೇ ಬದಲಾಗಬೇಕು. ಸಿಬ್ಬಂದಿ ಎತ್ತಿ ಕೂರಿಸುವುದಿಲ್ಲ; ಆ ಕೆಲಸ ಮನೆಯವರದ್ದೇ. ಆದ್ದರಿಂದ ಎದ್ದು ನಿಲ್ಲಲೂ ಆಗದವರಿಗೆ ಸ್ಕೂಟರಿಗಿಂತ ವೀಲ್‌ಚೇರ್ ಸೂಕ್ತ. ನಾಲ್ಕು ಹೆಜ್ಜೆ ನಡೆಯಬಲ್ಲವರಿಗೆ ಈ ವ್ಯತ್ಯಾಸದಿಂದ ದೊಡ್ಡ ನಷ್ಟವಿಲ್ಲ.

ಇನ್ನು ತಳ್ಳುವವರ ಮಾತು. ಎಪ್‌ಕಾಟ್‌ನಲ್ಲಿ ಹನ್ನೊಂದು ದೇಶಗಳ ಮಂಟಪಗಳನ್ನು ಸುತ್ತುವ ಸರೋವರದ ದಾರಿಯೊಂದೇ ಎರಡು ಕಿಲೋಮೀಟರಿನ ಹತ್ತಿರ. ಅದರ ಮುಂಚೆ ಮುಖ್ಯ ಬಾಗಿಲಿನಿಂದ ಅಲ್ಲಿಗೆ ಬರಬೇಕು, ದಾರಿಯಲ್ಲಿ ಸೇತುವೆಯ ಏರಿಳಿತಗಳಿವೆ. ಅನಿಮಲ್ ಕಿಂಗ್‌ಡಮ್‌ನ ದಾರಿಗಳು ಬೇಕೆಂದೇ ಒರಟಾಗಿವೆ, ಅಂಕುಡೊಂಕಾಗಿವೆ. ಮ್ಯಾಜಿಕ್ ಕಿಂಗ್‌ಡಮ್‌ನ ಮುಖ್ಯ ಬೀದಿಯಲ್ಲಿ ಕುದುರೆಬಂಡಿಯ ಹಳಿಗಳಿವೆ. ಸಣ್ಣ ಚಕ್ರಗಳು ಅದರಲ್ಲಿ ಸಿಕ್ಕಿಕೊಳ್ಳದಂತೆ ನೇರವಾಗಿ ಅಡ್ಡ ದಾಟಬೇಕು. ಜುಲೈ ತಿಂಗಳ ಫ್ಲಾರಿಡಾದ ಸೆಖೆಯಲ್ಲಿ, ಎಪ್ಪತ್ತು ಕಿಲೋ ತೂಕದ ಅಪ್ಪನನ್ನು ದಿನವಿಡೀ ತಳ್ಳುವುದು ಗಟ್ಟಿಮುಟ್ಟಾದ ಮಗನಿಗೂ ಭಾರವೇ. ತಳ್ಳುತ್ತಿರುವುದು ಎಪ್ಪತ್ತರ ಅಮ್ಮನಾದರೆ ಆ ಯೋಜನೆಯನ್ನೇ ಕೈಬಿಡಿ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ತಳ್ಳಿಸಿಕೊಳ್ಳುವವರು ತಮಗೆ ಬೇಕಾದಲ್ಲಿ ನಿಲ್ಲುವಂತಿಲ್ಲ. ಹೂವಿನ ಮುಂದೆ ಎರಡು ನಿಮಿಷ ನಿಲ್ಲಬೇಕೆಂದರೆ ಕೇಳಬೇಕು. ನಮ್ಮ ಅಮ್ಮಂದಿರು ಕೇಳುವುದಿಲ್ಲ, ಮಗನಿಗೆ ಆಯಾಸವಾಗಿದೆ ಎಂದು ಸುಮ್ಮನಿರುತ್ತಾರೆ. ತಾನೇ ಓಡಿಸುವ ಗಾಡಿಯಲ್ಲಿ ಕೂತವರು ಮೊಮ್ಮಗಳಿಗಿಂತ ಮುಂದೆ ಹೋಗಿ ಕಾಯುತ್ತಾರೆ. ಈ ಒಂದು ಕಾರಣಕ್ಕೆ, ಓಡಿಸಬಲ್ಲವರಿಗೆ ಹಣ ಹೆಚ್ಚಾದರೂ ಸ್ಕೂಟರನ್ನೇ ಕೊಡಿಸಿ ಎನ್ನುತ್ತೇನೆ.

ಕೊಳ್ಳುವುದು

ಮಡಚುವ ಪ್ರಯಾಣದ ಸ್ಕೂಟರುಗಳು ಸಾಮಾನ್ಯವಾಗಿ ಸಾವಿರದಿಂದ ಎರಡೂವರೆ ಸಾವಿರ ಡಾಲರ್. ಒಂದು ಒರ್ಲಾಂಡೊ ಪ್ರವಾಸಕ್ಕಾಗಿ ಕೊಳ್ಳುವುದು ದಂಡ. ಆದರೆ ಅಪ್ಪ-ಅಮ್ಮ ಆರು ತಿಂಗಳು ಇರುತ್ತಾರೆ, ಪ್ರತಿ ವಾರಾಂತ್ಯ ಎಲ್ಲಾದರೂ ಹೋಗುತ್ತೀರಿ, ಮುಂದಿನ ವರ್ಷವೂ ಬರುತ್ತಾರೆ ಎಂದರೆ ಲೆಕ್ಕ ಬದಲಾಗುತ್ತದೆ. ವಿಮಾನದಲ್ಲಿ ಒಯ್ಯುವುದಕ್ಕೂ ದಾರಿಯಿದೆ. ಅಮೆರಿಕದ ನಿಯಮದಂತೆ ನಡಿಗೆಗೆ ನೆರವಾಗುವ ಇಂಥ ಸಾಧನಗಳಿಗೆ ವಿಮಾನ ಸಂಸ್ಥೆಗಳು ಲಗೇಜಿನ ಶುಲ್ಕ ಹಾಕುವಂತಿಲ್ಲ. ಬ್ಯಾಟರಿಯ ವಿಷಯ ಮಾತ್ರ ಬಿಗಿ. ಲೀಥಿಯಂ ಬ್ಯಾಟರಿಯನ್ನು ಕಳಚುವ ಮಾದರಿಯಾದರೆ ಅದನ್ನು ಕೈಚೀಲದೊಂದಿಗೆ ವಿಮಾನದೊಳಗೇ ಒಯ್ಯಬೇಕು, ಅದು 300 ವ್ಯಾಟ್-ಅವರ್ ಮೀರಬಾರದು. ಕೊಳ್ಳುವ ಮೊದಲೇ ಬ್ಯಾಟರಿಯ ಮೇಲಿನ ಅಂಕಿ ಓದಿ, ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ.

ಇಲ್ಲಿ ಕೊಂಡು ಊರಿಗೂ ಒಯ್ಯೋಣ ಎನ್ನುವವರಿಗೆ ಎರಡು ಮಾತು. ಅಮೆರಿಕದ ವಿದ್ಯುತ್ 120 ವೋಲ್ಟ್, ನಮ್ಮದು 230. ಚಾರ್ಜರ್ ಮೇಲೆ 100ರಿಂದ 240 ಎಂದು ಬರೆದಿದ್ದರೆ ಮಾತ್ರ ಎರಡೂ ಕಡೆ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆಂಗಳೂರಿನ ಪಾದಚಾರಿ ಮಾರ್ಗಗಳ ಎತ್ತರ-ತಗ್ಗುಗಳಲ್ಲಿ ಈ ಪುಟ್ಟ ಚಕ್ರಗಳು ಎಷ್ಟು ದೂರ ಹೋದಾವು ಎಂದು ನೀವೇ ಊಹಿಸಿ. ಅಪಾರ್ಟ್‌ಮೆಂಟಿನ ಆವರಣದೊಳಗೆ ಸಂಜೆಯ ಸುತ್ತಿಗೆ ಬೇಕೆಂದರೆ ಒಯ್ಯಿರಿ.

ಹಿಡಿದು ನಡೆಯುವ ಗಾಲಿ ವಾಕರ್

ಕೂರಲು ಪುಟ್ಟ ಆಸನವಿರುವ ನಾಲ್ಕು ಗಾಲಿಯ ವಾಕರ್ ನೂರು ಡಾಲರಿನೊಳಗೆ ಸಿಗುತ್ತದೆ. ನಡೆಯಬಲ್ಲರು, ಆದರೆ ಹತ್ತು ನಿಮಿಷಕ್ಕೊಮ್ಮೆ ಕೂರಬೇಕು ಎನ್ನುವವರಿಗೆ, ಅರ್ಧ ದಿನದ ಭೇಟಿಗೆ ಇದು ಒಳ್ಳೆಯದು. ಹಾಲಿವುಡ್ ಸ್ಟುಡಿಯೋಸ್‌ನಂಥ ಅಡಕವಾದ ಪಾರ್ಕಿಗೆ ನಡೆದೀತು, ಎಪ್‌ಕಾಟ್‌ಗೆ ಬೇಡ. ಅದರ ಆಸನದಲ್ಲಿ ಹಿರಿಯರನ್ನು ಕೂರಿಸಿ ತಳ್ಳಬಾರದು. ಅದು ಅದಕ್ಕಾಗಿ ಮಾಡಿದ್ದಲ್ಲ, ಹಿಂದಕ್ಕೆ ಮಗುಚುತ್ತದೆ.

ಸಾಲಿನ ಬಗ್ಗೆ ಒಂದು ತಪ್ಪು ನಂಬಿಕೆ

ಸ್ಕೂಟರಿನಲ್ಲಿ ಹೋದರೆ ಸರತಿಯಿಲ್ಲದೆ ಒಳಗೆ ಬಿಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಹುಪಾಲು ಸಾಲುಗಳು ಗಾಡಿಗಳಿಗೆ ಸಾಕಾಗುವಷ್ಟು ಅಗಲವಿವೆ, ಎಲ್ಲರೊಂದಿಗೇ ಕಾಯಬೇಕು. ಸಾಲಿನ ಹೊರಗೆ ಕಾಯಲು ಬಿಡುವ ಡಿಸ್ನಿಯ ವಿಶೇಷ ಸೌಲಭ್ಯವನ್ನು 2024ರಲ್ಲಿ ಇನ್ನಷ್ಟು ಬಿಗಿ ಮಾಡಲಾಯಿತು. ಅದು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗಾಗಿ. ನಡೆಯಲಾಗದು ಎಂಬ ಕಾರಣವೊಂದಕ್ಕೇ ಅದು ಸಿಗುವುದಿಲ್ಲ. ಮೆರವಣಿಗೆ ನೋಡಲು ಗಾಡಿಯವರಿಗೆ ಗುರುತಿಟ್ಟ ಜಾಗಗಳಿರುತ್ತವೆ, ಅವೂ ಬೇಗ ತುಂಬುತ್ತವೆ. ಸಾಲಿನಲ್ಲಿ ಕೂತೇ ಕಾಯಬಹುದು ಎಂಬುದೇ ಸ್ಕೂಟರಿನ ನಿಜವಾದ ಅನುಕೂಲ, ಮಂಡಿನೋವಿನವರಿಗೆ ಅದು ಸಣ್ಣದಲ್ಲ.

ಮನೆಮನೆಯ ಲೆಕ್ಕ

ಒಬ್ಬರಿಗೆ ಮಂಡಿನೋವು, ಇನ್ನೊಬ್ಬರು ಆರೋಗ್ಯವಾಗಿದ್ದಾರೆ, ನಾಲ್ಕೈದು ದಿನದ ಪ್ರವಾಸ: ಹೊರಗಿನ ಕಂಪನಿಯಿಂದ ನಾಲ್ಕು ಚಕ್ರದ ಒಂದು ಸ್ಕೂಟರ್. ಇಬ್ಬರಿಗೂ ನಡೆಯುವುದು ಕಷ್ಟವೆಂದರೆ ಎರಡು ಬೇಕು. ಸರದಿಯ ಮೇಲೆ ಕೂರುತ್ತೇವೆ ಎಂದು ಅವರು ಹೇಳಿದರೂ, ಯಾರು ಹೆಚ್ಚು ನಡೆಯುತ್ತಾರೆ ಎಂಬುದು ನಿಮಗೇ ಗೊತ್ತು. ಹಣ ಎರಡಕ್ಕೆ ಸಾಲದಿದ್ದರೆ ಒಂದು ಸ್ಕೂಟರ್, ಒಂದು ವೀಲ್‌ಚೇರ್ ತೆಗೆದುಕೊಂಡು ತಳ್ಳುವವರನ್ನು ಮುಂಚೆಯೇ ಗೊತ್ತುಮಾಡಿ. ದೃಷ್ಟಿ ಅಥವಾ ನೆನಪಿನ ತೊಂದರೆ ಇದ್ದವರಿಗೆ ವೀಲ್‌ಚೇರ್, ಅರ್ಧ ದಿನ ಮಾತ್ರ. ಒಂದೇ ದಿನಕ್ಕೆ ಹೋಗಿ ಬರುವವರಿಗೆ ಪಾರ್ಕಿನ ಸ್ಕೂಟರ್, ಬೆಳಿಗ್ಗೆ ಬೇಗ.

ಯಾವುದನ್ನು ಆರಿಸಿದರೂ ಕೆಲವು ಮಾತುಗಳು ಎಲ್ಲಕ್ಕೂ ಸಲ್ಲುತ್ತವೆ. ಸೀರೆಯ ಸೆರಗು, ದುಪಟ್ಟಾ, ಉದ್ದದ ನೆರಿಗೆ ಚಕ್ರಕ್ಕೆ ಸಿಕ್ಕುವ ಅಪಾಯ ನಿಜವಾದದ್ದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಬೇಕು, ಸಲ್ವಾರ್ ಆದರೆ ಇನ್ನೂ ಒಳ್ಳೆಯದು. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓಡಿಸುವಂತಿಲ್ಲ, ಎಷ್ಟು ಹಟ ಹಿಡಿದರೂ. ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ. ಹಿರಿಯರಿಗೊಂದು, ಗಾಡಿಯ ಹಿಡಿ ಮತ್ತು ಗುಂಡಿಗಳ ಮೇಲೆ ಹೊದಿಸಲು ಇನ್ನೊಂದು ಪ್ಲಾಸ್ಟಿಕ್ ಮಳೆಯಂಗಿ ಬುಟ್ಟಿಯಲ್ಲಿರಲಿ. ಗಾಡಿಯಿಂದ ಇಳಿಯುವಾಗ ಪ್ರತಿ ಸಲ ಕೀಲಿ ತೆಗೆಯುವ ಅಭ್ಯಾಸ ಮಾಡಿಸಿ. ಗುಂಪಿನಲ್ಲಿ ಅವರ ಮುಂದೆ ಮನೆಯ ಒಬ್ಬರು ನಡೆಯುತ್ತಿದ್ದರೆ ದಾರಿ ತಾನಾಗಿ ಬಿಡುತ್ತದೆ.

"ನನಗೇನಾಗಿದೆ, ನಾನು ನಡೆಯುತ್ತೇನೆ" ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಪಾರ್ಕಿನ ಬಾಗಿಲಲ್ಲಿ ವಾದ ಮಾಡುವುದು ಬೇಡ. ಪ್ರವಾಸಕ್ಕೆ ಕೆಲವು ವಾರ ಮುಂಚೆ, ನಿಮ್ಮ ಊರಿನ ದೊಡ್ಡ ದಿನಸಿ ಅಂಗಡಿಗೆ ಕರೆದುಕೊಂಡು ಹೋಗಿ. ವಾಲ್‌ಮಾರ್ಟ್‌ನಂಥ ಅಂಗಡಿಗಳ ಬಾಗಿಲಲ್ಲೇ ಬುಟ್ಟಿಯಿರುವ ವಿದ್ಯುತ್ ಬಂಡಿಗಳು ಗ್ರಾಹಕರಿಗೆ ಉಚಿತವಾಗಿ ನಿಂತಿರುತ್ತವೆ. ಜನ ಕಡಿಮೆಯಿರುವ ಬೆಳಗಿನ ಹೊತ್ತು ಅದರಲ್ಲಿ ಕೂರಿಸಿ, ತರಕಾರಿಯನ್ನು ಅವರೇ ಆರಿಸಲಿ. ಹೋಗುವುದು, ನಿಲ್ಲುವುದು, ಹಿಂದೆ ಸರಿಯುವುದು ಮೂರೂ ಸಲೀಸಾದರೆ ಅದೇ ಸಂಜೆ ಸ್ಕೂಟರನ್ನು ಕಾಯ್ದಿರಿಸಿ. ಮೂರು ಸಲ ಅಂಗಡಿಯ ಕಪಾಟಿಗೆ ತಾಗಿಸಿದರೆ ವೀಲ್‌ಚೇರನ್ನು ಕಾಯ್ದಿರಿಸಿ, ಪಾರ್ಕಿನ ದಿನಗಳನ್ನು ಅರ್ಧ ದಿನಗಳಾಗಿ ಹಂಚಿಕೊಳ್ಳಿ.